ಹೈಜೀನಿಸ್ಟ್ ಓದಿದರೆ ಡೆಂಟಲ್ ಸ್ಕೂಲ್ ಹತ್ತಿರವಾಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ದಂತವೈದ್ಯೆ ಆಗಬೇಕೆಂಬುದು ನನ್ನ ಗುರಿ. ನಾಲ್ಕು ವರ್ಷ ಡಿಗ್ರಿ ಓದಿ ನೇರವಾಗಿ ಡೆಂಟಲ್ ಸ್ಕೂಲಿಗೆ ಅರ್ಜಿ ಹಾಕುವ ಬದಲು, ಮೊದಲು ಎರಡು ವರ್ಷದ ಡಿಗ್ರಿ ಕೊಡುವ ಕಮ್ಯುನಿಟಿ ಕಾಲೇಜಿನಲ್ಲಿ, ಹಲ್ಲು ಶುಚಿಗೊಳಿಸಿ ಒಸಡು ನೋಡಿಕೊಳ್ಳುವ ಡೆಂಟಲ್ ಹೈಜೀನಿಸ್ಟ್ ಕೋರ್ಸ್ ಮುಗಿಸಿ, ಸ್ವಲ್ಪ ಕಾಲ ದುಡಿದು, ಆಮೇಲೆ ಅರ್ಜಿ ಹಾಕಿದರೆ ಹೇಗೆ? ಸೀಟು ಸಿಗುವುದು ಸುಲಭವಾಗುತ್ತದೆಯೇ? ಅಷ್ಟು ಓದಿದ್ದು ಮುಂದೆ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಹಾಗೆ ಮಾಡಿ ದಂತವೈದ್ಯರಾದವರು ಇದ್ದಾರೆ, ಆದ್ದರಿಂದ ದಾರಿ ಇಲ್ಲ ಎನ್ನಲಾರೆ. ಆದರೆ ಅದು ಒಳದಾರಿ ಎಂದುಕೊಂಡು ಹೊರಟರೆ ಮೋಸ ಹೋಗುತ್ತೀರಿ. ದಂತವೈದ್ಯೆ ಆಗುವುದೊಂದೇ ಗುರಿ, ಡಿಗ್ರಿ ಓದುವಷ್ಟು ಅನುಕೂಲವೂ ಇದೆ ಎಂದಾದರೆ ನೇರ ದಾರಿಯನ್ನೇ ಹಿಡಿಯಿರಿ. ಬೇಗ ಸಂಪಾದನೆ ಶುರುವಾಗಲೇಬೇಕು, ಅಥವಾ ಡೆಂಟಲ್ ಸ್ಕೂಲ್ ಕೈತಪ್ಪಿದರೂ ಹೈಜೀನಿಸ್ಟ್ ಆಗಿಯೇ ನೆಮ್ಮದಿಯಾಗಿ ಇರಬಲ್ಲೆ ಎನ್ನುವವರ ಲೆಕ್ಕ ಬೇರೆ. ಅವರಿಗೆ ಈ ಕೋರ್ಸ್ ನಿಜಕ್ಕೂ ಒಳ್ಳೆಯದು.

ಗೊಂದಲ ಹುಟ್ಟುವುದು ಎಲ್ಲಿ ಎಂದು ಮೊದಲು ನೋಡೋಣ. ಅದೇ ಕ್ಲಿನಿಕ್, ಅದೇ ಕುರ್ಚಿ, ಅದೇ ಬಾಯಿ. ಹಾಗಾಗಿ ಹೈಜೀನಿಸ್ಟ್ ಓದು ಎಂದರೆ ದಂತವೈದ್ಯರ ಓದಿನ ಮೊದಲ ಅರ್ಧ ಎಂದು ಅನೇಕರು ತಿಳಿದಿರುತ್ತಾರೆ. ಆದರೆ ಈ ವೃತ್ತಿ ಹುಟ್ಟಿದ್ದೇ ಬೇರೆ ಉದ್ದೇಶದಿಂದ. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿದ್ದ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಶುಚಿಗೊಳಿಸುವ ಕೆಲಸ ಕಲಿಸಿದರು. 1913ರಲ್ಲಿ ಅದಕ್ಕೆಂದೇ ಶಾಲೆ ತೆರೆದರು. ಅಲ್ಲಿ ಕಲಿತವರಲ್ಲಿ ಅನೇಕರು ಊರಿನ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿಮಾಡಿದರು, ಹಲ್ಲುಜ್ಜುವ ಕ್ರಮ ಹೇಳಿಕೊಟ್ಟರು. 1917ರಲ್ಲಿ ನ್ಯೂಮನ್ ಅವರಿಗೆ ಮೊದಲ ಲೈಸೆನ್ಸ್ ಸಿಕ್ಕಿತು. ಹುಳುಕು ಹಿಡಿದ ಮೇಲೆ ಚಿಕಿತ್ಸೆ ಕೊಡುವುದಕ್ಕಿಂತ ಹುಳುಕು ಬಾರದಂತೆ ನೋಡಿಕೊಳ್ಳುವ ಪ್ರತ್ಯೇಕ ಪಡೆಯೊಂದು ಬೇಕು ಎಂಬುದು ಫೋನ್ಸ್ ಅವರ ಆಲೋಚನೆ. ಇವತ್ತಿಗೂ ಹೈಜೀನಿಸ್ಟ್ ಕೋರ್ಸ್ ಲೈಸೆನ್ಸ್‌ನಲ್ಲಿ ಮುಗಿಯುವ ಹಾಗೆಯೇ ರೂಪಿಸಿದ ಓದು. ಅದರ ಕೊನೆಗೆ ಡೆಂಟಲ್ ಸ್ಕೂಲಿನ ಬಾಗಿಲಿಲ್ಲ.

ಇದು ಅತಿ ಸ್ಪಷ್ಟವಾಗಿ ಕಾಣುವುದು ಕೆಮಿಸ್ಟ್ರಿಯಲ್ಲಿ. ಡೆಂಟಲ್ ಸ್ಕೂಲುಗಳು ಸಾಮಾನ್ಯವಾಗಿ ಕೇಳುವುದು ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಒಂದೊಂದೂ ಲ್ಯಾಬ್ ಸಹಿತ ಸುಮಾರು 8 ಸೆಮಿಸ್ಟರ್ ಕ್ರೆಡಿಟ್, ಎಂದರೆ ಎರಡು ಸೆಮಿಸ್ಟರಿನ ಓದು. ಇವೆಲ್ಲ ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವವರು ತೆಗೆದುಕೊಳ್ಳುವ ಮಟ್ಟದವು. ಬಯೋಕೆಮಿಸ್ಟ್ರಿ ಕೇಳುವವೂ ಬಹಳ. ಹೈಜೀನಿಸ್ಟ್ ಕೋರ್ಸಿನಲ್ಲೂ ಕೆಮಿಸ್ಟ್ರಿ ಇರುತ್ತದೆ. ಆದರೆ ಅದು ಸಾಮಾನ್ಯವಾಗಿ ಆರೋಗ್ಯ ವೃತ್ತಿಯವರಿಗೆಂದು ಮಾಡಿದ ಒಂದು ಸೆಮಿಸ್ಟರಿನ ಪರಿಚಯದ ಪಾಠ. ಜನರಲ್, ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿ ಮೂರನ್ನೂ ಸ್ವಲ್ಪ ಸ್ವಲ್ಪ ಮುಟ್ಟಿಸಿ ಮುಂದೆ ಹೋಗುತ್ತದೆ. ಅದರಲ್ಲಿ ನೀವು ಎ ಗ್ರೇಡ್ ತಂದರೂ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಖಾನೆ ಖಾಲಿಯೇ ಉಳಿಯುತ್ತದೆ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಪಾಠಗಳದ್ದೂ ಹೆಚ್ಚುಕಡಿಮೆ ಇದೇ ಕಥೆ: ಕೆಲವು ಸ್ಕೂಲುಗಳು ಹೆಚ್ಚುವರಿ ವಿಷಯ ಎಂದು ಮೆಚ್ಚುತ್ತವೆ, ಆದರೆ ಮೂಲ ಬಯಾಲಜಿಯ ಬದಲಿಗೆ ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. ಫಿಸಿಕ್ಸ್ ಅಂತೂ ಹೈಜೀನಿಸ್ಟ್ ಓದಿನಲ್ಲಿ ಬಹುತೇಕ ಇರುವುದೇ ಇಲ್ಲ.

ಹಾಗಾದರೆ ಕೋರ್ಸ್ ಜೊತೆಜೊತೆಗೇ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೂ ಓದಿಬಿಡಬಹುದಲ್ಲ ಎಂದು ಕೇಳಬಹುದು. ಕಾಗದದ ಮೇಲೆ ಸಾಧ್ಯ. ನಡೆಯುವುದು ಕಷ್ಟ. ಹೈಜೀನಿಸ್ಟ್ ಓದಿನ ಎರಡು ವರ್ಷ ದಿನವಿಡೀ ತರಗತಿ ಮತ್ತು ಕ್ಲಿನಿಕ್. ಇಂತಿಷ್ಟು ರೋಗಿಗಳನ್ನು ನೋಡಿ ಮುಗಿಸಬೇಕೆಂಬ ಲೆಕ್ಕ ಇರುತ್ತದೆ, ಬರಬೇಕಾದ ರೋಗಿ ಬಾರದಿದ್ದರೆ ಆ ಲೆಕ್ಕ ಹಿಂದೆ ಬೀಳುತ್ತದೆ. ಪಾಸಾಗಲು ಬೇಕಾದ ಅಂಕವನ್ನೂ ಅನೇಕ ಕಡೆ ಸಾಮಾನ್ಯ ಕಾಲೇಜಿಗಿಂತ ಮೇಲೆ ಇಟ್ಟಿರುತ್ತಾರೆ. ಅದರ ಮಧ್ಯೆ ವಾರಕ್ಕೊಂದು ಮಧ್ಯಾಹ್ನ ಪೂರ್ತಿ ನುಂಗುವ ಕೆಮಿಸ್ಟ್ರಿ ಲ್ಯಾಬ್‌ಗೆ ಜಾಗ ಹುಡುಕಬೇಕು.

ಓದಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಡೆಂಟಲ್ ಸ್ಕೂಲಿನ ಒಳಗೆ ಬರುವುದಿಲ್ಲ. ಒಸಡಿನ ರೋಗದ ಬಗ್ಗೆ, ಎಕ್ಸ್‌ರೇ ಬಗ್ಗೆ, ಹಲ್ಲಿನ ರಚನೆಯ ಬಗ್ಗೆ ನೀವು ಆಗಲೇ ಕಲಿತಿದ್ದೀರಿ ಎಂದು ಒಂದು ವರ್ಷ ಬಿಡುವುದಿಲ್ಲ. ಎಲ್ಲರ ಜೊತೆ ಮೊದಲ ವರ್ಷದಿಂದಲೇ ಕೂತು ನಾಲ್ಕೂ ವರ್ಷ ಓದಬೇಕು. ಕೆಲವು ಸ್ಕೂಲುಗಳಲ್ಲಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಎಂಬ ಕಡಿಮೆ ಅವಧಿಯ ಪ್ರವೇಶ ಇದೆಯೆಂದು ನೀವು ಕೇಳಿರಬಹುದು. ಅದು ಬೇರೆ ದೇಶದಲ್ಲಿ ದಂತವೈದ್ಯ ಪದವಿ ಮುಗಿಸಿ ಬಂದವರಿಗಾಗಿ ಇರುವುದು.

ಈಗ ವರ್ಷಗಳನ್ನು ಎಣಿಸಿ. ನೇರ ದಾರಿಯಲ್ಲಿ ಡಿಗ್ರಿ 4, ಡೆಂಟಲ್ ಸ್ಕೂಲ್ 4, ಒಟ್ಟು 8. ಹೈಜೀನಿಸ್ಟ್ ದಾರಿಯಲ್ಲಿ ಕೋರ್ಸ್ ಸೇರಲು ಬೇಕಾದ ವಿಷಯಗಳಿಗೆ ಸುಮಾರು ಒಂದು ವರ್ಷ, ಕೋರ್ಸ್ ಎರಡು ವರ್ಷ. ಅಲ್ಲಿಗೆ ಕೈಗೆ ಬರುವುದು ಬ್ಯಾಚುಲರ್‌ಗಿಂತ ಕೆಳಗಿನ ಅಸೋಸಿಯೇಟ್ ಡಿಗ್ರಿ. ಬ್ಯಾಚುಲರ್ ಡಿಗ್ರಿ ಇಲ್ಲದವರನ್ನೂ ತೆಗೆದುಕೊಳ್ಳಬಹುದೆಂದು ಕೆಲವು ಸ್ಕೂಲುಗಳ ನಿಯಮ ಹೇಳುತ್ತದಾದರೂ ಸೀಟು ಪಡೆಯುವವರಲ್ಲಿ ಬಹುಪಾಲು ಬ್ಯಾಚುಲರ್ ಮುಗಿಸಿದವರೇ. ಆದ್ದರಿಂದ ಅದನ್ನು ಪೂರ್ತಿ ಮಾಡಿ, ಬಿಟ್ಟುಹೋದ ವಿಜ್ಞಾನ ವಿಷಯಗಳನ್ನು ಓದಲು ಇನ್ನೂ ಎರಡು ವರ್ಷ ಹಿಡಿಯಿರಿ, ಕೆಲಸ ಮಾಡುತ್ತಾ ಓದಿದರೆ ಮೂರು. ಒಂದೆರಡು ವರ್ಷದ ದುಡಿಮೆಯನ್ನೂ ಸೇರಿಸಿದರೆ ಹತ್ತರಿಂದ ಹನ್ನೆರಡು ವರ್ಷ. ಹೈಜೀನಿಸ್ಟ್ ಸೀಟೇನೂ ಪುಕ್ಕಟೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ. ತರಗತಿಗಳು ಚಿಕ್ಕವು, ಪೈಪೋಟಿ ಜೋರು. ಅಲ್ಲೇ ಒಂದು ವರ್ಷ ಕಾಯಬೇಕಾಗಿ ಬರುವುದುಂಟು.

ಅರ್ಜಿಯ ಬಗ್ಗೆ ಕೆಲವು ಸೂಕ್ಷ್ಮಗಳಿವೆ. ಬಹುತೇಕ ಡೆಂಟಲ್ ಸ್ಕೂಲುಗಳಿಗೆ ಅರ್ಜಿ ಹೋಗುವುದು ಆಡ್‌ಸಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಅದು ನಿಮ್ಮ ಎಲ್ಲಾ ಕಾಲೇಜುಗಳ ಎಲ್ಲಾ ಗ್ರೇಡುಗಳನ್ನೂ ತೆಗೆದುಕೊಳ್ಳುತ್ತದೆ. ಫೇಲಾಗಿ ಮತ್ತೆ ಕಟ್ಟಿದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಸೇರಿಸಿ ವಿಜ್ಞಾನದ ಜಿಪಿಎ, ಎಂದರೆ ಗ್ರೇಡುಗಳ ಸರಾಸರಿ, ಬೇರೆಯೇ ಮಾಡುತ್ತದೆ. ಕ್ಲಿನಿಕ್ಕಿನಲ್ಲಿ ಚೆನ್ನಾಗಿ ಮಾಡಿ ತಂದ ಅಂಕ ಒಟ್ಟು ಜಿಪಿಎಯನ್ನು ಎತ್ತಬಹುದು, ಆದರೆ ಪ್ರವೇಶ ಸಮಿತಿಯ ಕಣ್ಣು ಮೊದಲು ಹೋಗುವುದು ವಿಜ್ಞಾನದ ಅಂಕದ ಕಡೆಗೆ. ಕಮ್ಯುನಿಟಿ ಕಾಲೇಜಿನ ಕ್ರೆಡಿಟ್‌ಗಳಿಗೆ ಮಿತಿ ಹಾಕಿರುವ, ವಿಜ್ಞಾನವನ್ನು ನಾಲ್ಕು ವರ್ಷದ ಕಾಲೇಜಿನಲ್ಲೇ ಓದಿರಲಿ ಎಂದು ಬಯಸುವ ಸ್ಕೂಲುಗಳೂ ಇವೆ. ಶಿಫಾರಸು ಪತ್ರದ್ದೂ ತೊಡಕೇ. ವಿಜ್ಞಾನದ ಪ್ರಾಧ್ಯಾಪಕರಿಂದ ಪತ್ರ ಬೇಕೆಂದು ಕೇಳಿದಾಗ ಹೈಜೀನ್ ಕಲಿಸಿದವರ ಪತ್ರವನ್ನು ಆ ಲೆಕ್ಕಕ್ಕೆ ಹಿಡಿಯದ ಕಡೆ ಬಹಳ.

ಡೆಂಟಲ್ ಸ್ಕೂಲ್ ಪ್ರವೇಶಕ್ಕೆ ಬರೆಯಬೇಕಾದ ಡ್ಯಾಟ್ ಪರೀಕ್ಷೆ ಇದ್ದೇ ಇದೆ. ನೈಸರ್ಗಿಕ ವಿಜ್ಞಾನದ 100 ಪ್ರಶ್ನೆಗಳಲ್ಲಿ ಬಯಾಲಜಿ 40, ಜನರಲ್ ಕೆಮಿಸ್ಟ್ರಿ 30, ಆರ್ಗ್ಯಾನಿಕ್ 30. ಕಣ್ಣಂದಾಜು ಅಳೆಯುವ ಭಾಗದಲ್ಲಿ 90 ಪ್ರಶ್ನೆ: ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಕಾಣುತ್ತವೆ, ನಾಲ್ಕು ಕೋನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಕ್ರಮ ಯಾವುದು, ಇಂಥವು. ಬಾಯಿಯೊಳಗೆ ವರ್ಷಗಟ್ಟಲೆ ಕೈಯಾಡಿಸಿದವರಿಗೆ ಇದು ಸಲೀಸು ಎಂದುಕೊಳ್ಳಬೇಡಿ. ಇದಕ್ಕೆ ಬೇರೆಯೇ ಅಭ್ಯಾಸ ಬೇಕು. ಹೈಜೀನಿಸ್ಟ್ ಲೈಸೆನ್ಸ್ ಇದ್ದವರಿಗೆ ಪರೀಕ್ಷೆಯಲ್ಲಿ ರಿಯಾಯಿತಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹೈಜೀನಿಸ್ಟ್‌ಗೆ ನಿಜವಾಗಿ ಸಿಗುವ ಲಾಭವನ್ನೂ ಅಷ್ಟೇ ಒತ್ತಿ ಹೇಳಬೇಕು. ಅದು ಕೈಯಲ್ಲಿದೆ. ಪ್ರೋಬ್ ಎಂಬ ಅಳತೆಯ ಕಡ್ಡಿ ಹಿಡಿದು ಒಂದೊಂದು ಹಲ್ಲಿನ ಸುತ್ತ ಆರು ಕಡೆ ಒಸಡಿನ ಆಳ ಅಳೆಯುವುದೆಂದರೆ, 28 ಹಲ್ಲಿರುವ ಬಾಯಿಯಲ್ಲಿ 168 ಅಳತೆ. ಹೈಜೀನಿಸ್ಟ್ ಇದನ್ನು ದಿನಕ್ಕೆ ಎಷ್ಟೋ ರೋಗಿಗಳಿಗೆ ಮಾಡುತ್ತಾರೆ. ಒಸಡಿನ ಕೆಳಗೆ ಬೇರಿಗೆ ಅಂಟಿದ ಗಾರೆಯಂಥ ಗಟ್ಟಿ ಕೊಳೆ ಕಣ್ಣಿಗೆ ಕಾಣುವುದಿಲ್ಲ. ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಅದನ್ನು ಕೆರೆದು ತೆಗೆಯುವ ಉಪಕರಣವಾದ ಕ್ಯುರೆಟ್ಟನ್ನು ಹಗುರವಾಗಿ ಹಿಡಿದು ಎಳೆದಾಗ ತುದಿಯಲ್ಲಿ ಒರಟು ತಗುಲಿದ್ದು ಬೆರಳಿಗೆ ತಿಳಿಯಬೇಕು. ಗಟ್ಟಿಯಾಗಿ ಹಿಡಿದರೆ ಆ ಸೂಕ್ಷ್ಮ ತಿಳಿಯುವುದೇ ಇಲ್ಲ. ಮೇಲಿನ ದವಡೆಯ ಹಲ್ಲುಗಳನ್ನು ಕನ್ನಡಿಯಲ್ಲಿ ನೋಡುತ್ತಾ ಕೆಲಸ ಮಾಡಬೇಕು, ಅಲ್ಲಿ ಕೈ ಒಂದು ಕಡೆ ಹೋದರೆ ಕಣ್ಣಿಗೆ ಇನ್ನೊಂದು ಕಡೆ ಹೋದಂತೆ ಕಾಣುತ್ತದೆ. ಡೆಂಟಲ್ ಸ್ಕೂಲಿನ ಮೊದಲ ವರ್ಷದವರು ಪರದಾಡುವುದು ಇದಕ್ಕೇ. ಹೆದರಿದ ರೋಗಿಯನ್ನು ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಬಹುತೇಕ ರಾಜ್ಯಗಳಲ್ಲಿ ಹೈಜೀನಿಸ್ಟ್‌ಗಳಿಗೂ ಅನುಮತಿ ಇರುವ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದು, ಎಕ್ಸ್‌ರೇ ಫಿಲ್ಮ್ ಸರಿಯಾಗಿ ಕೂರಿಸುವುದು, ಇವೆಲ್ಲ ರೂಢಿಯಾದವರಿಗೆ ಡೆಂಟಲ್ ಸ್ಕೂಲಿನ ಕ್ಲಿನಿಕ್ ವರ್ಷಗಳಲ್ಲಿ ಕಾಲು ನಡುಗುವುದಿಲ್ಲ. ಹಲ್ಲು ಕೊರೆಯುವುದು, ಕ್ಯಾಪ್ ಕೂರಿಸುವುದು, ಹಲ್ಲು ಕೀಳುವುದು, ರೋಗ ನಿರ್ಣಯಿಸಿ ಚಿಕಿತ್ಸೆ ಏನೆಂದು ತೀರ್ಮಾನಿಸುವುದು ಮಾತ್ರ ಅವರಿಗೂ ಹೊಸದೇ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಹೈಜೀನಿಸ್ಟ್ ಆಗಿದ್ದವರು ದಂತವೈದ್ಯೆ ಏಕೆ ಆಗಬೇಕು? 'ಮೊದಲಿನಿಂದಲೂ ಅದೇ ಪ್ಲಾನ್ ಇತ್ತು' ಎಂಬ ಉತ್ತರ ಬಡವಾಗಿ ಕೇಳಿಸುತ್ತದೆ. ಚಿಕ್ಕ ತರಗತಿಯಲ್ಲಿ ಒಂದು ಸೀಟು ತೆಗೆದುಕೊಂಡು ಆ ವೃತ್ತಿಯನ್ನು ಬರೀ ಮೆಟ್ಟಿಲು ಮಾಡಿಕೊಂಡರು ಎಂದು ಕೇಳಿದವರಿಗೆ ಅನಿಸಬಹುದು. ಕೆಲಸ ಮಾಡುತ್ತಾ ಯಾವ ಹಂತದಲ್ಲಿ ತಮ್ಮ ಕೈ ಕಟ್ಟಿಹೋಯಿತು, ಯಾವ ರೋಗಿಯ ಸಮಸ್ಯೆಯನ್ನು ಗುರುತಿಸಿಯೂ ಮುಂದುವರಿಯಲು ಆಗಲಿಲ್ಲ ಎಂದು ಬಿಡಿಸಿ ಹೇಳಬಲ್ಲವರ ಮಾತಿಗೆ ತೂಕ ಇರುತ್ತದೆ. ಅಂಥ ಅನುಭವ ಕೆಲಸದಲ್ಲಿ ಮನಸ್ಸಿಟ್ಟವರಿಗೆ ಮಾತ್ರ ಸಿಗುತ್ತದೆ.

ದುಡ್ಡಿನ ಮಾತು. 2023ರ ಮೇ ತಿಂಗಳ ಸರ್ಕಾರಿ ಅಂಕಿ ಅಂಶದ ಪ್ರಕಾರ ಅಮೆರಿಕದ ಹೈಜೀನಿಸ್ಟ್‌ಗಳ ಮಧ್ಯಮ ವಾರ್ಷಿಕ ಸಂಬಳ 87,530 ಡಾಲರ್. ಅಸೋಸಿಯೇಟ್ ಡಿಗ್ರಿಗೆ ಇಷ್ಟು ಕೊಡುವ ಕೆಲಸಗಳು ಕಡಿಮೆ. ಸಾಲ ಮಾಡಿ ಓದಿದ ದಂತವೈದ್ಯರು ಪದವಿ ಮುಗಿಸುವಾಗ ತಲೆಯ ಮೇಲಿರುವ ಸಾಲ ಸರಾಸರಿ ಸುಮಾರು 3 ಲಕ್ಷ ಡಾಲರ್. ಮನೆಯಲ್ಲಿ ಕೊಡುವವರಿಲ್ಲದ, ಸ್ವಂತ ಸಂಪಾದನೆಯಲ್ಲೇ ಮುಂದೆ ಓದಬೇಕಾದ ಹುಡುಗ ಹುಡುಗಿಯರಿಗೆ ಹೈಜೀನಿಸ್ಟ್ ದಾರಿಯನ್ನು ನಾನು ಮನಸಾರೆ ಸೂಚಿಸುವುದು ಇದೇ ಕಾರಣಕ್ಕೆ. ಅವರಿಗೆ ಎರಡರಿಂದ ನಾಲ್ಕು ವರ್ಷ ತಡವಾದರೂ ಪರವಾಗಿಲ್ಲ, ಅಷ್ಟರಲ್ಲಿ ತಮ್ಮ ಕಾಲ ಮೇಲೆ ನಿಂತಿರುತ್ತಾರೆ. ಆದರೆ ಒಳ್ಳೆಯ ಸಂಬಳ ಬರಲು ಶುರುವಾದ ಮೇಲೆ ಅದನ್ನು ಬಿಟ್ಟು, ಸಾಲ ಮಾಡಿ, ಮತ್ತೆ ನಾಲ್ಕು ವರ್ಷ ವಿದ್ಯಾರ್ಥಿಯಾಗುವ ನಿರ್ಧಾರ ವರ್ಷ ಕಳೆದಂತೆ ಭಾರವಾಗುತ್ತದೆ.

ಬೇರೆ ದೇಶದಲ್ಲಿ ಓದುವ ಯೋಚನೆ ಇದ್ದರೆ ಈ ಲೆಕ್ಕವೇ ಬದಲಾಗುತ್ತದೆ. ಭಾರತದಲ್ಲಿ ಬಿಡಿಎಸ್ ಸೀಟಿಗೆ ನೀಟ್ ಬರೆಯಲೇಬೇಕು, ಹೈಜೀನಿಸ್ಟ್ ಡಿಪ್ಲೊಮಾ ಅಲ್ಲಿ ಒಂದು ಅಂಕವನ್ನೂ ಸೇರಿಸುವುದಿಲ್ಲ. ಬ್ರಿಟನ್ನಿನಲ್ಲಿ ಹೈಜೀನ್ ಮತ್ತು ಫಿಲ್ಲಿಂಗ್‌ನಂಥ ಕೆಲಸ ಕಲಿಸುವ ಡೆಂಟಲ್ ಥೆರಪಿಯನ್ನು ಒಟ್ಟಿಗೆ ಮೂರು ವರ್ಷದ ಡಿಗ್ರಿಯಾಗಿಯೇ ಓದಬಹುದು. ಹಾಗೆ ಓದಿದವರು ಪದವೀಧರರೆಂದು ಡೆಂಟಲ್ ಸ್ಕೂಲಿಗೆ ಅರ್ಜಿ ಹಾಕುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಂಥ ಕಡೆ ಪದವೀಧರರಿಗೆಂದೇ 4 ವರ್ಷದ ಕೋರ್ಸ್ ಇದೆ.

ಇನ್ನೊಂದು ಸಾಧ್ಯತೆಯನ್ನು ತಿಳಿಸದೆ ಬಿಡಲಾರೆ. ಹಲ್ಲಿಗೆ ಫಿಲ್ಲಿಂಗ್ ಮಾಡುವಷ್ಟರ ಮಟ್ಟಿಗೆ ಕೈ ಚಾಚಬೇಕು ಎಂಬುದಷ್ಟೇ ನಿಮ್ಮ ಆಸೆಯಾಗಿದ್ದರೆ ಡೆಂಟಲ್ ಥೆರಪಿಸ್ಟ್ ಎಂಬ ವೃತ್ತಿ ಇದೆ. ನ್ಯೂಜಿಲೆಂಡ್ 1921ರಲ್ಲೇ ಶಾಲಾ ಮಕ್ಕಳಿಗಾಗಿ ಇಂಥವರನ್ನು ತಯಾರು ಮಾಡತೊಡಗಿತು. ಅಮೆರಿಕದ ಮಿನೆಸೋಟ ರಾಜ್ಯ 2009ರಲ್ಲಿ ಕಾನೂನು ಮಾಡಿ ಒಪ್ಪಿತು, ಆಮೇಲೆ ಇನ್ನಷ್ಟು ರಾಜ್ಯಗಳು ಒಪ್ಪಿವೆ. ಹೈಜೀನಿಸ್ಟ್ ಓದು ನೇರವಾಗಿ ಉಪಯೋಗಕ್ಕೆ ಬರುವ ಮುಂದಿನ ಹಂತ ಎಂದರೆ ಇದು.

ಇಷ್ಟಾದ ಮೇಲೂ ಹೈಜೀನಿಸ್ಟ್ ದಾರಿಯೇ ಸರಿ ಎನಿಸಿದರೆ, ಶುರುವಿನಲ್ಲೇ ಒಂದು ಎಚ್ಚರ ವಹಿಸಿ. ಕೋರ್ಸ್ ಸೇರಲು ಬೇಕಾದ ಆ ಮೊದಲ ವರ್ಷದಲ್ಲಿ, ಕೆಳಮಟ್ಟದ ಕೆಮಿಸ್ಟ್ರಿ ಸಾಕು ಎಂದು ಕಾಲೇಜು ಹೇಳಿದರೂ, ವಿಜ್ಞಾನದ ವಿದ್ಯಾರ್ಥಿಗಳು ಓದುವ ಜನರಲ್ ಕೆಮಿಸ್ಟ್ರಿ ಮತ್ತು ಬಯಾಲಜಿಯನ್ನೇ ಲ್ಯಾಬ್ ಸಹಿತ ತೆಗೆದುಕೊಳ್ಳಿ. ಹೈಜೀನ್ ಕೋರ್ಸಿನವರು ಅದನ್ನು ತಮ್ಮ ಕೆಮಿಸ್ಟ್ರಿಯ ಬದಲಿಗೆ ಒಪ್ಪುತ್ತಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಆರ್ಗ್ಯಾನಿಕ್ ಮತ್ತು ಫಿಸಿಕ್ಸ್ ಅನ್ನು ನಾಲ್ಕು ವರ್ಷದ ಕಾಲೇಜಿನಲ್ಲಿ ಓದಿ, ವಿಜ್ಞಾನದ ಶಿಫಾರಸು ಪತ್ರಗಳು ಅಲ್ಲಿಂದಲೇ ಬರಲಿ. ಡ್ಯಾಟ್ ಅಂಕಕ್ಕೆ ಎರಡು ಮೂರು ವರ್ಷದ ಆಯುಷ್ಯ ಮಾತ್ರ ಎನ್ನುವ ಸ್ಕೂಲುಗಳಿವೆ, ಹಾಗಾಗಿ ಅದನ್ನು ಅರ್ಜಿಗೆ ಹತ್ತಿರದಲ್ಲೇ ಬರೆಯಿರಿ. ಮನಸ್ಸಿನಲ್ಲಿರುವ ನಾಲ್ಕೈದು ಡೆಂಟಲ್ ಸ್ಕೂಲುಗಳ ಪ್ರವೇಶ ವಿಭಾಗಕ್ಕೆ, ನೀವು ತೆಗೆದುಕೊಳ್ಳಲಿರುವ ಪಾಠಗಳ ಹೆಸರು ಮತ್ತು ಕೋರ್ಸ್ ಸಂಖ್ಯೆ ಬರೆದು, ಇವು ನಡೆಯುತ್ತವೆಯೇ ಎಂದು ಮೇಲ್ ಮಾಡಿ. ಉತ್ತರ ಲಿಖಿತವಾಗಿ ಬರಲಿ, ಅದು ಬಂದ ಮೇಲೆ ಫೀಸ್ ಕಟ್ಟಿ.