ಔಟ್‌ಪುಟ್ ಮ್ಯಾಚಿಂಗ್ ನೆಟ್‌ವರ್ಕ್: ಟ್ರಾನ್ಸಿಸ್ಟರಿಗೆ ಎಷ್ಟು ಓಮ್ ತೋರಿಸಬೇಕು?

ಸ್ವಂತವಾಗಿ ಕಟ್ಟಿದ ಹ್ಯಾಮ್ (ಹವ್ಯಾಸಿ ರೇಡಿಯೊ) ಟ್ರಾನ್ಸ್‌ಮಿಟರ್ 5 ವಾಟ್ ಕೊಡಬೇಕಿತ್ತು, ಬರುತ್ತಿರುವುದು ಒಂದೂವರೆ ವಾಟ್. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಅನುಮಾನ ಮೊದಲು ಬೀಳುವುದು ಕೊನೆಯ ಟ್ರಾನ್ಸಿಸ್ಟರಿನ ಮೇಲೆ. ಬೇರೆಯದನ್ನು ಹಾಕಿ ನೋಡುತ್ತಾರೆ, ಡ್ರೈವ್ (ಒಳಗೆ ಕೊಡುವ ಸಿಗ್ನಲ್) ಏರಿಸಿ ನೋಡುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಟ್ರಾನ್ಸಿಸ್ಟರಿನ ಮುಂದಿರುವ ಒಂದು ಕಾಯಿಲ್ ಮತ್ತು ಒಂದೆರಡು ಕೆಪಾಸಿಟರುಗಳಲ್ಲಿ. ಟ್ರಾನ್ಸಿಸ್ಟರಿಗೂ ಆಂಟೆನಾಗೂ ನಡುವೆ ಕೂರುವ ಈ ಭಾಗವೇ ಔಟ್‌ಪುಟ್ ಮ್ಯಾಚಿಂಗ್ ನೆಟ್‌ವರ್ಕ್.

ಕೇಬಲ್ಲು, ಆಂಟೆನಾ, ಮೀಟರು ಎಲ್ಲವೂ 50 ಓಮ್ ಲೆಕ್ಕದಲ್ಲಿ ಇರುತ್ತವೆ. ಟ್ರಾನ್ಸಿಸ್ಟರಿಗೆ ಆ ಲೆಕ್ಕ ಗೊತ್ತಿಲ್ಲ. ಅದಕ್ಕೆ ಎಷ್ಟು ಓಮ್ ಲೋಡ್ ಬೇಕೆಂಬುದನ್ನು ತೀರ್ಮಾನಿಸುವುದು ಎರಡೇ ಸಂಗತಿ: ಸಪ್ಲೈ ವೋಲ್ಟೇಜ್ ಮತ್ತು ನಮಗೆ ಬೇಕಾದ ಪವರ್. 12 ವೋಲ್ಟ್ ಸಪ್ಲೈಯನ್ನು ಆರ್‌ಎಫ್ ಚೋಕ್ (ಡಿಸಿಯನ್ನು ಬಿಟ್ಟು ರೇಡಿಯೊ ಆವರ್ತನದ, ಅಂದರೆ ಆರ್‌ಎಫ್, ಕರೆಂಟನ್ನು ತಡೆಯುವ ಕಾಯಿಲ್) ಮೂಲಕ ಕೊಟ್ಟಾಗ ಟ್ರಾನ್ಸಿಸ್ಟರಿನ ಔಟ್‌ಪುಟ್ ಕಾಲಾದ ಡ್ರೈನಿನ ವೋಲ್ಟೇಜ್ ಸೊನ್ನೆಯಿಂದ ಸುಮಾರು 24ರವರೆಗೆ ತೂಗಾಡುತ್ತದೆ. ಅಂದರೆ ಆರ್‌ಎಫ್ ಅಲೆಯ ಎತ್ತರ 12 ವೋಲ್ಟ್, ಅದಕ್ಕಿಂತ ಹೆಚ್ಚಿಲ್ಲ. ಹಾಗಾಗಿ ವೋಲ್ಟೇಜಿನ ವರ್ಗವನ್ನು ಪವರಿನ ಎರಡರಷ್ಟರಿಂದ ಭಾಗಿಸಿದರೆ ಬೇಕಾದ ಲೋಡ್ ಸಿಗುತ್ತದೆ: 144 ಭಾಗಿಸು 10, ಅಂದರೆ 14.4 ಓಮ್. ಅದೇ ಟ್ರಾನ್ಸಿಸ್ಟರನ್ನು ನೇರವಾಗಿ 50 ಓಮ್‌ಗೆ ಕಟ್ಟಿದರೆ ಎಷ್ಟು ಬಂದೀತು? 144 ಭಾಗಿಸು 100, 1.44 ವಾಟ್. ಮೇಲೆ ಹೇಳಿದ ಒಂದೂವರೆ ವಾಟಿನ ಗುಟ್ಟು ಇಷ್ಟೇ. ಎಷ್ಟು ಡ್ರೈವ್ ಕೊಟ್ಟರೂ ಅದು ಏರುವುದಿಲ್ಲ, ಹಾರ್ಮೋನಿಕ್ಸ್ (ಮೂಲ ಆವರ್ತನದ ಎರಡರಷ್ಟು, ಮೂರರಷ್ಟರಲ್ಲಿ ಬರುವ ಬೇಡದ ಅಲೆಗಳು) ಮಾತ್ರ ಏರುತ್ತವೆ.

ಇಲ್ಲಿ ಓದಿದವರೂ ಎಡವುವ ಒಂದು ಜಾಗವಿದೆ. ಮೂಲದ ಒಳಗಿನ ಇಂಪಿಡೆನ್ಸಿಗೆ (ಎಸಿ ಕರೆಂಟಿಗೆ ಒಡ್ಡುವ ಒಟ್ಟು ತಡೆಗೆ) ಲೋಡ್ ಸಮವಾದಾಗ ಗರಿಷ್ಠ ಪವರ್ ಎಂಬ ಪಠ್ಯಪುಸ್ತಕದ ಪ್ರಮೇಯವನ್ನು ಹಿಡಿದು, ಟ್ರಾನ್ಸಿಸ್ಟರಿನ ಔಟ್‌ಪುಟ್ ಇಂಪಿಡೆನ್ಸ್ ಎಷ್ಟೆಂದು ಡೇಟಾಶೀಟ್ ಜಾಲಾಡುತ್ತಾರೆ. ಆ ಪ್ರಮೇಯದಂತೆ ನಡೆದರೆ ಅರ್ಧ ಪವರ್ ಮೂಲದಲ್ಲೇ ಸುಟ್ಟುಹೋಗಬೇಕು, ದಕ್ಷತೆ 50 ಪ್ರತಿಶತ ದಾಟಬಾರದು. ಸಾಮಾನ್ಯ ಕ್ಲಾಸ್ ಸಿ (ಅಲೆಯ ಅರ್ಧಕ್ಕಿಂತ ಕಡಿಮೆ ಹೊತ್ತು ಮಾತ್ರ ಕರೆಂಟ್ ಹರಿಸುವ) ಆಂಪ್ಲಿಫೈಯರೇ ಇದನ್ನು ಸಲೀಸಾಗಿ ದಾಟುತ್ತದೆ. ನೆಟ್‌ವರ್ಕಿನ ಕೆಲಸ ಟ್ರಾನ್ಸಿಸ್ಟರಿನ ಒಳಗಿನದಕ್ಕೆ ಹೊಂದುವುದಲ್ಲ, 50 ಓಮನ್ನು 14.4 ಓಮ್‌ನಂತೆ ಕಾಣಿಸುವುದು.

ಅದಕ್ಕೆ ಅತಿ ಸರಳ ದಾರಿ ಎಲ್ ನೆಟ್‌ವರ್ಕ್. ಡ್ರೈನಿನಿಂದ ಡಿಸಿ ತಡೆಯುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ ಸರಣಿಯಲ್ಲಿ ಒಂದು ಕಾಯಿಲ್, ಅದರ ಆಂಟೆನಾ ಕಡೆಯ ತುದಿಯಿಂದ ಗ್ರೌಂಡಿಗೆ ಒಂದು ಕೆಪಾಸಿಟರ್. 50ನ್ನು 14.4ರಿಂದ ಭಾಗಿಸಿ, ಒಂದು ಕಳೆದು, ವರ್ಗಮೂಲ ತೆಗೆದರೆ ಕ್ಯೂ (ನೆಟ್‌ವರ್ಕ್ ಒಂದು ಆವರ್ತನವನ್ನು ಎಷ್ಟು ಚೂಪಾಗಿ ಆರಿಸುತ್ತದೆ ಎಂಬುದರ ಅಳತೆ) ಸುಮಾರು 1.57. ಕಾಯಿಲಿನ ರಿಯಾಕ್ಟೆನ್ಸ್ (ಎಸಿಗೆ ಅದು ಒಡ್ಡುವ ತಡೆ) 14.4 ಗುಣಿಸು 1.57, ಅಂದರೆ 22.6 ಓಮ್, ಕೆಪಾಸಿಟರಿನದು 50 ಭಾಗಿಸು 1.57, ಅಂದರೆ 31.8 ಓಮ್. 7.1 ಮೆಗಾಹರ್ಟ್ಸ್‌ನಲ್ಲಿ ಇವು 0.51 ಮೈಕ್ರೋಹೆನ್ರಿ ಮತ್ತು 705 ಪಿಕೋಫ್ಯಾರಡ್ ಆಗುತ್ತವೆ. ಟಿ50-2 ಎಂಬ ಕೆಂಪು ಟೊರಾಯ್ಡ್ ಮೇಲೆ 10 ಸುತ್ತು ಸಾಕು. ಉಂಗುರದೊಳಗಿಂದ ತಂತಿ ಒಮ್ಮೆ ಹಾದರೆ ಅದೇ ಒಂದು ಸುತ್ತು. ಹೊರಗಿನಿಂದ ಎಣಿಸಿದವರ ಲೆಕ್ಕ ತಪ್ಪುವುದು ಇಲ್ಲೇ. ಕೆಪಾಸಿಟರಿಗೆ 680 ಹಾಕಿದರೂ ನಡೆದೀತು, ಆದರೆ ಜಾತಿ ನೋಡಿ ಹಾಕಬೇಕು. ಅದರಲ್ಲಿ ಅರ್ಧ ಆಂಪಿಯರ್ ಆರ್‌ಎಫ್ ಕರೆಂಟ್ ಹರಿಯುತ್ತದೆ. ಅಗ್ಗದ ಡಿಸ್ಕ್ ಸೆರಾಮಿಕ್ ಬೆರಳಿಗೆ ತಾಗುವಷ್ಟು ಬಿಸಿಯಾಗಬಹುದು. ಸಿಲ್ವರ್ ಮೈಕಾ ಅಥವಾ ಎನ್‌ಪಿಒ (ಬಿಸಿಗೆ ಬೆಲೆ ಬದಲಾಗದ ಸೆರಾಮಿಕ್) ಆದರೆ ತಣ್ಣಗಿರುತ್ತದೆ.

ಐಆರ್‌ಎಫ್510 ತರಹದ ಮಾಸ್‌ಫೆಟ್‌ನ ಡ್ರೈನಿನಲ್ಲಿ ತನ್ನದೇ ಆದ ನೂರರ ಆಸುಪಾಸಿನ ಪಿಕೋಫ್ಯಾರಡ್ ಇರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅದನ್ನು ಮರೆಯಬಹುದು. 28ರಲ್ಲಿ ಮರೆತರೆ ಲೆಕ್ಕ ಕೈಕೊಡುತ್ತದೆ.

ಕ್ಯೂ 1.57 ಎಂದರೆ ಸೋಸುವ ಶಕ್ತಿ ತೀರಾ ಕಡಿಮೆ. 7.1ರ ಹಾರ್ಮೋನಿಕ್ಸ್ 14.2, 21.3, 28.4 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬೇರೆ ಹ್ಯಾಮ್ ಬ್ಯಾಂಡುಗಳ ನಡುವೆಯೇ ಬಿದ್ದು ನೆರೆಯವರಿಗೆ ಕೇಳಿಸುತ್ತವೆ. ಆದ್ದರಿಂದ ಎಲ್ ನೆಟ್‌ವರ್ಕಿನ ನಂತರ 50 ಓಮ್‌ನ ಲೋ ಪಾಸ್ ಫಿಲ್ಟರ್ ಬೇಕೇ ಬೇಕು. ಆ ಫಿಲ್ಟರನ್ನೇ ಮ್ಯಾಚಿಂಗ್ ಎಂದುಕೊಂಡವರೂ ಇದ್ದಾರೆ. ಎರಡು ತುದಿಯೂ 50 ಓಮ್ ಇರುವ ಫಿಲ್ಟರ್ ಏನನ್ನೂ 14 ಓಮ್‌ಗೆ ಇಳಿಸುವುದಿಲ್ಲ.

ವಾಲ್ವುಗಳಲ್ಲಿ (ಹಳೆಯ ವ್ಯಾಕ್ಯೂಮ್ ಟ್ಯೂಬುಗಳಲ್ಲಿ) ದಿಕ್ಕು ತಿರುಗುಮುರುಗು. 600 ವೋಲ್ಟ್, 100 ಮಿಲಿಆಂಪಿಯರ್‌ನಲ್ಲಿ ಓಡುವ ಕ್ಲಾಸ್ ಸಿ ವಾಲ್ವಿಗೆ ಬೇಕಾದ ಲೋಡ್ ಸುಮಾರು 3000 ಓಮ್. ಅಷ್ಟು ದೂರದ ಅಂತರಕ್ಕೆ ಪೈ ನೆಟ್‌ವರ್ಕ್ ಹೇಳಿಮಾಡಿಸಿದ್ದು: ನಡುವೆ ಕಾಯಿಲ್, ಎರಡು ಬದಿಗೆ ಟ್ಯೂನ್ ಮತ್ತು ಲೋಡ್ ಎಂಬ ತಿರುಗಿಸುವ ಕೆಪಾಸಿಟರುಗಳು. 1930ರ ದಶಕದಲ್ಲಿ ಇದನ್ನು ಹ್ಯಾಮ್‌ಗಳ ನಡುವೆ ಬಳಕೆಗೆ ತಂದವರು ಅಮೆರಿಕದ ರೇಡಿಯೊ ತಯಾರಕ ಆರ್ಥರ್ ಕಾಲಿನ್ಸ್. ಇಲ್ಲಿ ಕ್ಯೂ 10ರಿಂದ 12 ಇಡುವುದು ವಾಡಿಕೆ. ಸೋಸುವ ಕೆಲಸವೂ ಬಹುಮಟ್ಟಿಗೆ ಆಗುತ್ತದೆ. ಇನ್ನೂ ಏರಿಸುವ ಆಸೆ ಬೇಡ. ಕಾಯಿಲಿನ ಸ್ವಂತ ಕ್ಯೂ 200 ಇದ್ದು ನೆಟ್‌ವರ್ಕಿನದು 12 ಆದರೆ 6 ಪ್ರತಿಶತ ಪವರ್ ಕಾಯಿಲಲ್ಲೇ ಕರಗುತ್ತದೆ. 24 ಆದರೆ 12 ಪ್ರತಿಶತ.

ನೂರು ವಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಕತೆ ಬೇರೆ. ಪುಶ್-ಪುಲ್ ಜೋಡಿಯಲ್ಲಿ (ಸರದಿಯಂತೆ ಕೆಲಸ ಮಾಡುವ ಎರಡು ಟ್ರಾನ್ಸಿಸ್ಟರುಗಳಲ್ಲಿ) ಒಂದೊಂದಕ್ಕೂ ಸಿಗುವ ಅಲೆಯ ಎತ್ತರ 12.5 ವೋಲ್ಟ್ ಎಂದುಕೊಂಡರೆ ಎರಡು ಕಲೆಕ್ಟರುಗಳ (ಔಟ್‌ಪುಟ್ ಕಾಲುಗಳ) ನಡುವೆ ಅದು 25 ವೋಲ್ಟ್, ಬೇಕಾದ ಲೋಡ್ 625 ಭಾಗಿಸು 200, ಅಂದರೆ 3.125 ಓಮ್. ಸುತ್ತುಗಳ ಅನುಪಾತ 1:4 ಇರುವ ಟ್ರಾನ್ಸ್‌ಫಾರ್ಮರ್ 50 ಓಮನ್ನು ಹದಿನಾರರಿಂದ ಭಾಗಿಸಿ ಸರಿಯಾಗಿ ಅಷ್ಟೇ ತೋರಿಸುತ್ತದೆ. ಹಲವು ಬ್ಯಾಂಡಿಗೆ ಒಂದೇ ಟ್ರಾನ್ಸ್‌ಫಾರ್ಮರ್ ಸಾಕಾಗುವುದರಿಂದ ಇದೇ ಪದ್ಧತಿ ಗೆದ್ದಿದೆ, ಫಿಲ್ಟರುಗಳನ್ನು ಮಾತ್ರ ಬ್ಯಾಂಡಿಗೊಂದರಂತೆ ಬದಲಿಸುತ್ತಾರೆ.

ಲೆಕ್ಕ ಸರಿ ಬಂದಿದೆಯೇ ಎಂದು ತಿಳಿಯಲು ಆಂಟೆನಾ ಬೇಡ, 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಕಟ್ಟುವ ರೆಸಿಸ್ಟರ್) ಮತ್ತು ಆಸಿಲೋಸ್ಕೋಪ್ ಸಾಕು. ಫಿಲ್ಟರಿನ ನಂತರ ತುದಿಯಿಂದ ತುದಿಗೆ 45 ವೋಲ್ಟ್ ಕಂಡರೆ ಅದು 5 ವಾಟ್. ಜೊತೆಗೆ ಸಪ್ಲೈ ಕರೆಂಟಿನ ಮೇಲೂ ಕಣ್ಣಿಡಬೇಕು. 600 ಮಿಲಿಆಂಪಿಯರ್ ಎಳೆದು 5 ವಾಟ್ ಕೊಟ್ಟರೆ ಸುಮಾರು 70 ಪ್ರತಿಶತ, ಚೆನ್ನಾಗಿದೆ. ಟೊರಾಯ್ಡಿನ ಸುತ್ತುಗಳನ್ನು ಹತ್ತಿರ ಒತ್ತಿದರೆ ಇಂಡಕ್ಟೆನ್ಸ್ ಸ್ವಲ್ಪ ಏರುತ್ತದೆ, ಅಗಲಿಸಿದರೆ ಇಳಿಯುತ್ತದೆ. ಪವರ್ ನಿಂತಲ್ಲೇ ನಿಂತು ಕರೆಂಟ್ ಮಾತ್ರ ಏರತೊಡಗಿದರೆ ತಪ್ಪು ದಿಕ್ಕಿಗೆ ಹೋಗಿದ್ದೀರಿ, ಸುತ್ತುಗಳನ್ನು ಹಿಂದಕ್ಕೆ ಸರಿಸಿ.