ಪದ ಪರಿಚಯ: ಪುನರ್ವಸತಿ (ಸೀಲ್ ಮರಿಯ ಪ್ರಸಂಗದಲ್ಲಿ)

‘ತಾಯಿಯಿಂದ ಬೇರ್ಪಟ್ಟ ಸೀಲ್ ಮರಿಗೆ ಅಕ್ವೇರಿಯಂನಲ್ಲಿ ಪುನರ್ವಸತಿ’ ಎಂಬ ಧಾಟಿಯ ಸುದ್ದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ದುಂಡು ಕಣ್ಣಿನ ಒಂದು ಚಿತ್ರ, ‘ಹೊಸ ಮನೆ ಸಿಕ್ಕಿತು’ ಎಂಬ ಸಾಲು, ಕೆಳಗೆ ಕೈಮುಗಿಯುವ ಚಿಹ್ನೆಗಳ ಸಾಲುಸಾಲು. ಆ ಮರಿಗೆ ಸಿಕ್ಕಿದ್ದು ಆಶ್ರಯ. ವನ್ಯಜೀವಿಗಳ ವಿಷಯದಲ್ಲಿ ಪುನರ್ವಸತಿ ಎಂಬ ಮಾತಿಗೆ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧವಾದ ಅರ್ಥವಿದೆ: ಮತ್ತೆ ತಾನೇ ಬದುಕುವಂತೆ ಅಣಿಗೊಳಿಸಿ ಕಾಡಿಗೋ ಕಡಲಿಗೋ ಮರಳಿ ಬಿಡುವುದು. (ಸೀಲ್ ಎಂಬ ಕಡಲಿನ ಸಸ್ತನಿಯನ್ನು ‘ನೀರುನಾಯಿ’ ಎಂದು ಬರೆಯುವವರ ಜೊತೆಗಿನ ಜಗಳ ಇನ್ನೊಂದು ದಿನಕ್ಕಿರಲಿ. ನೀರುನಾಯಿ ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿ ಮೀನು ಹಿಡಿಯುವ ಬೇರೆಯೇ ಪ್ರಾಣಿ.)

ತಪ್ಪನ್ನೆಲ್ಲ ವರದಿಗಾರರ ತಲೆಗೆ ಕಟ್ಟುವಂತಿಲ್ಲ. ಪದವೇ ದಾರಿ ತಪ್ಪಿಸುವಂತಿದೆ. ಸಂಸ್ಕೃತದ ‘ವಸ್’ ಧಾತುವಿಗೆ ನೆಲೆಸು ಎಂದರ್ಥ. ವಾಸ, ನಿವಾಸ, ವಸತಿ ಎಲ್ಲವೂ ಅದರಿಂದ ಬಂದವು. ವಸತಿಯೇ ಕನ್ನಡಕ್ಕೆ ಬಂದು ಬಸದಿಯಾಯಿತು, ಕರಾವಳಿಯವರ ಬಾಯಲ್ಲಿ ಬಸ್ತಿಯಾಯಿತು. ಅಂದರೆ ಈ ಪದದ ಬಳಗವೆಲ್ಲ ಗೋಡೆ, ಮಾಡು, ಅಂಗಳಗಳದ್ದು. ಮುಂದೆ ಆಡಳಿತ ಭಾಷೆ ಇದಕ್ಕೆ ‘ಪುನರ್’ ಅಂಟಿಸಿತು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಪುನರ್ವಸತಿ ಎಂದರೆ ನಿವೇಶನದ ಹಕ್ಕುಪತ್ರ, ಬಾಗಲಕೋಟೆಯವರಿಗೆ ಅದು ನವನಗರ. ಅಲ್ಲಿ ಪದ ಅಕ್ಷರಶಃ ಸರಿ: ಮನೆ ಮುಳುಗಿದವರಿಗೆ ಇನ್ನೊಂದೆಡೆ ಮನೆ.

ಸೀಲ್ ಮರಿಯ ಮನೆ ಎಲ್ಲಿಗೂ ಹೋಗಿಲ್ಲ. ಕಡಲು ಇದ್ದಲ್ಲೇ ಇದೆ. ಆ ಕಡಲಿನಲ್ಲಿ ಬದುಕುವ ತಾಕತ್ತು ಮಾತ್ರ ಹೋಗಿದೆ.

ಇಂಗ್ಲಿಷಿನ ‘ರಿಹ್ಯಾಬಿಲಿಟೇಶನ್’ ಹೇಳುವುದೂ ಇದನ್ನೇ. ಅದರ ಹೊಟ್ಟೆಯಲ್ಲಿ ‘ಹ್ಯಾಬಿಟ್ಯಾಟ್’ ಇದೆ ಎಂದು ಓದಿದವರೂ ಭಾವಿಸಿರುತ್ತಾರೆ, ಇಲ್ಲ. ಅಲ್ಲಿರುವುದು ಲ್ಯಾಟಿನ್ನಿನ ‘ಹಾಬಿಲಿಸ್’. ಹಾಗೆಂದರೆ ತಕ್ಕವನು, ಕೈಲಾಗುವವನು. ಕಲ್ಲಿನ ಆಯುಧ ಮಾಡಿದ ಆದಿಮಾನವನಿಗೆ 1964ರಲ್ಲಿ ‘ಹೋಮೋ ಹಾಬಿಲಿಸ್’ ಎಂದು ಹೆಸರಿಟ್ಟದ್ದು ಅವನ ಕೈಚಳಕಕ್ಕಾಗಿ. ‘ಏಬಲ್’ ಎಂಬ ದಿನಬಳಕೆಯ ಮಾತೂ ಅದೇ ಬೇರಿನದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ರೆಹಾಬಿಲಿತಾರೆ’ ಎಂದರೆ ಪದವಿ ಕಳೆದುಕೊಂಡವನಿಗೆ ಅದರ ಅರ್ಹತೆಯನ್ನು ಮರಳಿ ಕೊಡುವುದು. ವಾಸಿಸು ಎಂಬರ್ಥದ ‘ಹಾಬಿತಾರೆ’ ಕೂಡ ಮೂಲದಲ್ಲಿ ‘ಹಾಬೇರೆ’ ಎಂಬ ಕ್ರಿಯಾಪದದಿಂದಲೇ ಹುಟ್ಟಿದ್ದು ನಿಜ. ಆದರೆ ದಾಯಾದಿಗಳೆಂದ ಮಾತ್ರಕ್ಕೆ ಒಬ್ಬನ ಆಸ್ತಿಯನ್ನು ಇನ್ನೊಬ್ಬನ ಹೆಸರಿಗೆ ಬರೆಯಲಾಗದು. ಕನ್ನಡದಲ್ಲಿ ‘ಮತ್ತೆ ಅಣಿಗೊಳಿಸುವುದು’ ಎಂದರೆ ಅರ್ಥ ಕೂಡುತ್ತದೆ. ಪುನರ್ವಸತಿಯೇ ಬೇಕೆನ್ನುವವರು ಅದನ್ನೇ ಇಟ್ಟುಕೊಳ್ಳಲಿ, ಅದು ಈಗ ಬೇರೂರಿದ ಪದ. ಆದರೆ ‘ವಸತಿ’ ಎಂದ ಕಡೆ ಕಡಲನ್ನು ನೆನೆಯಲಿ, ಟೈಲ್ಸ್ ಹಾಕಿದ ಕೊಳವನ್ನಲ್ಲ.

ಇನ್ನು ‘ತಾಯಿಯಿಂದ ಬೇರ್ಪಟ್ಟ’ ಎಂಬ ಮಾತು. ಬೇರ್ಪಟ್ಟಿದೆ ಎಂದು ತೀರ್ಮಾನಿಸಿದವರು ಯಾರು? ಬೂದು ಸೀಲಿನ ತಾಯಿ ಮರಿಗೆ ಹಾಲೂಡಿಸುವುದು ಮೂರು ವಾರ ಮಾತ್ರ. ಆ ಹಾಲಿನಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬು. ಹುಟ್ಟಿದಾಗ ಸುಮಾರು 14 ಕೆಜಿ ಇದ್ದ ಮರಿ ಅಷ್ಟರಲ್ಲಿ 40 ಕೆಜಿ ದಾಟುತ್ತದೆ. ಆಮೇಲೆ ತಾಯಿ ಒಂದು ದಿನ ಎದ್ದು ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ಮರಿ ಹುಟ್ಟುಗೂದಲು ಉದುರಿಸಿಕೊಂಡು, ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ವಾರಗಟ್ಟಲೆ ದಡದಲ್ಲಿ ಬಿದ್ದಿದ್ದು, ಹಸಿವು ಕೆರಳಿದಾಗ ತಾನೇ ನೀರಿಗಿಳಿಯುತ್ತದೆ. ಇದು ಆ ಜಾತಿಯ ಸಂಸಾರದ ರೀತಿ. ಬಂದರು ಸೀಲ್ (ಹಾರ್ಬರ್ ಸೀಲ್) ಎಂಬ ಇನ್ನೊಂದು ಜಾತಿಯ ಮರಿಯಾದರೋ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಈಜುತ್ತದೆ. ತಾಯಿ ಮೀನಿಗೆ ಹೋದಾಗ ಮರಳದಿಣ್ಣೆಯ ಮೇಲೆ ಒಂಟಿಯಾಗಿ ಕೂಗುತ್ತಿರುತ್ತದೆ. ಡಚ್ಚರು ಇಂಥ ಮರಿಯನ್ನು ‘ಹೌಲರ್’ ಎನ್ನುತ್ತಾರೆ, ಜರ್ಮನ್ನರು ‘ಹೊಯ್ಲರ್’. ಎರಡಕ್ಕೂ ಅರ್ಥ ಒಂದೇ, ಅರಚುವುದು. ಆ ಕೂಗು ತಾಯಿಗೆ ಗುರುತು ಹೇಳುವ ಕರೆ. ಸುತ್ತ ಮೊಬೈಲ್ ಹಿಡಿದು ನಿಂತ ಹತ್ತು ಜನರಿದ್ದರೆ ಆಕೆ ದಡಕ್ಕೆ ಬರುವುದಿಲ್ಲ. ಆಗ ಮರಿ ನಿಜವಾಗಿಯೂ ಅನಾಥವಾಗುತ್ತದೆ. ಮೇಲೆ ನೀರು ಸುರಿಯುವವರು, ‘ಪಾಪ’ ಎಂದು ಅಲೆಗೆ ನೂಕುವವರು ಬೇರೆ. ದಡಕ್ಕೆ ಬಿದ್ದ ಡಾಲ್ಫಿನ್ನಿನ ಕಥೆಯೇ ಬೇರೆ. ಸೀಲ್ ದಡಕ್ಕೆ ಬರುವುದು ದಣಿವಾರಿಸಿಕೊಳ್ಳಲು.

ನಿಜಕ್ಕೂ ನೆರವು ಬೇಕಾದ ಮರಿಯನ್ನು ಗುರುತಿಸಲು ಬಲ್ಲವರು ನೋಡುವುದು ಕಣ್ಣಿನ ಸುತ್ತಲನ್ನು. ಸೀಲುಗಳಿಗೆ ಕಣ್ಣೀರು ಮೂಗಿಗೆ ಹರಿದುಹೋಗುವ ನಾಳವಿಲ್ಲ, ಹಾಗಾಗಿ ಅದು ಸದಾ ಹೊರಗೆ ಸುರಿಯುತ್ತಿರುತ್ತದೆ. ಕಣ್ಣಿನ ಸುತ್ತ ಒದ್ದೆಯ ಬಳೆ ಕಂಡರೆ ಮೈಯಲ್ಲಿ ನೀರಿನಂಶ ಇದೆ ಎಂದರ್ಥ. ಬಳೆ ಒಣಗಿದ್ದರೆ ಮರಿ ಬತ್ತುತ್ತಿದೆ. ‘ಅಳುತ್ತಿರುವ ಸೀಲ್’ ಎಂದು ನಾವು ಮರುಗುವ ಮರಿ ಎಷ್ಟೋ ಸಲ ಗಟ್ಟಿಮುಟ್ಟಾದದ್ದೇ.

ಕೇಂದ್ರಕ್ಕೆ ತಂದ ಮೇಲೆ ನಡೆಯುವ ಕೆಲಸದಲ್ಲಿ ಮುದ್ದಿಗೆ ಜಾಗವಿಲ್ಲ. ಮೊದಲು ನಳಿಕೆಯ ಮೂಲಕ ಲವಣದ ನೀರು. ಹಸುವಿನ ಹಾಲು ಕೂಡದು. ಸೀಲಿನ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಹಸುವಿನದು ಅದಕ್ಕೆ ಅರಗುವುದಿಲ್ಲ. ಆಮೇಲೆ ಹೆರಿಂಗ್ ಮೀನನ್ನು (ನಮ್ಮ ಬೂತಾಯಿಯ ನೆಂಟ) ರುಬ್ಬಿದ ಗಂಜಿ, ಮುಂದೆ ಬಾಯಿಗಿಟ್ಟು ನುಂಗಿಸುವ ಇಡೀ ಮೀನು. ಕೊನೆಗೆ ಕೊಳಕ್ಕೆ ಎಸೆದ ಮೀನನ್ನು ಉಳಿದ ಮರಿಗಳೊಂದಿಗೆ ಗುದ್ದಾಡಿ ಕಿತ್ತುಕೊಳ್ಳಬೇಕು. ಶ್ವಾಸಕೋಶದ ಹುಳುವಿಗೆ ಮದ್ದು ಬೇಕು. ನೋಡಿಕೊಳ್ಳುವವರಿಗೆ ಕಡಿತದ ಭಯವೂ ಉಂಟು. ‘ಸೀಲ್ ಬೆರಳು’ ಎಂಬ ಸೋಂಕು ಕೀಲನ್ನೇ ಕೆಡಿಸಬಲ್ಲದು. ತೂಕ ಬಂದು, ರೋಗ ಬಿಟ್ಟು, ಮನುಷ್ಯರನ್ನು ಕಂಡರೆ ಹಲ್ಲು ಕಿರಿದು ಹಿಂದೆ ಸರಿಯುವ ಮರಿಯ ಹಿಂಗಾಲಿನ ಈಜುರೆಕ್ಕೆಗೆ ಗುರುತಿನ ಬಿಲ್ಲೆ ಹಾಕಿ ಕಡಲಿಗೆ ಬಿಡುತ್ತಾರೆ. ಪುನರ್ವಸತಿ ಎಂದರೆ ಇಷ್ಟೂ ಸೇರಿ.

ಈ ಅರ್ಥ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಹೂವರ್ ಎಂಬ ಸೀಲ್ ಸಾಕ್ಷಿ. 1971ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಸಿಕ್ಕಿದ ಅನಾಥ ಮರಿಯಿದು. ಮೊದಲು ಮನೆಯ ಸ್ನಾನದ ತೊಟ್ಟಿಯಲ್ಲಿ, ಆಮೇಲೆ ಮನೆಯ ಹಿಂದಿನ ಕೊಳದಲ್ಲಿ ಬೆಳೆಯಿತು, ಧೂಳು ಹೀರುವ ಯಂತ್ರದಂತೆ (ಹೂವರ್ ಅಂಥ ಯಂತ್ರದ ಹೆಸರಾಂತ ಬ್ರ್ಯಾಂಡ್) ಮೀನು ಎಳೆದುಕೊಳ್ಳುತ್ತಿದ್ದರಿಂದ ಆ ಹೆಸರು. ಸಾಕಲಾಗದೆ ಬಾಸ್ಟನ್ನಿನ ಅಕ್ವೇರಿಯಂಗೆ ಕೊಟ್ಟರು. ಕೆಲವು ವರ್ಷಗಳ ಬಳಿಕ ಅದು ಗೊಗ್ಗರು ದನಿಯಲ್ಲಿ, ಅಲ್ಲಿನವರದೇ ಉಚ್ಚಾರದಲ್ಲಿ ‘ಹಲೋ ದೇರ್’ ಎಂದು ಮಾತಾಡತೊಡಗಿತು! 1985ರಲ್ಲಿ ಸಾಯುವವರೆಗೂ ಜನ ಮುಗಿಬಿದ್ದು ನೋಡಿದರು. ಮುದ್ದಾದ ಕಥೆ, ಒಪ್ಪುತ್ತೇನೆ. ಇದನ್ನು ‘ಯಶಸ್ವಿ ಪುನರ್ವಸತಿ’ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಹವಾಯಿಯ ‘ಕೆಪಿ2’ ಎಂಬ ಸೀಲಿನ ಕಥೆ ಇನ್ನೂ ಕಷ್ಟದ್ದು. ಅಳಿವಿನಂಚಿನ ಹವಾಯಿ ಮಾಂಕ್ ಸೀಲ್ ಜಾತಿಯ ಈ ಮರಿ ಕವಾಯಿ ದ್ವೀಪದಲ್ಲಿ 2008ರ ಮೇ ತಿಂಗಳಲ್ಲಿ ಹುಟ್ಟಿತು, ತಾಯಿ ಹತ್ತಿರ ಸೇರಿಸಲಿಲ್ಲ. ಕೈಯಾರೆ ಸಾಕಿ ಡಿಸೆಂಬರಿನಲ್ಲಿ ಮೊಲೊಕಾಯಿ ದ್ವೀಪದ ಬಳಿ ಬಿಟ್ಟರು. ಅದು ಜನರನ್ನು ಹುಡುಕಿಕೊಂಡು ಕಾವುನಾಕಾಕಾಯಿಯ ಹಡಗುಕಟ್ಟೆಗೆ ಬಂದು, ಈಜುವ ಮಕ್ಕಳೊಡನೆ ಆಟಕ್ಕೆ ನಿಂತಿತು. ಬೆಳೆದರೆ ಅದರ ಆಟವೇ ಅಪಾಯ. ದೂರ ಸಾಗಿಸಿದರೂ ಮರಳಿ ಬಂತು. ಕಣ್ಣಿಗೆ ಪೊರೆಯೂ ಬಂತು. ಕಡೆಗೆ ಕ್ಯಾಲಿಫೋರ್ನಿಯಾದ ಪ್ರಯೋಗಾಲಯ, 2011ರಲ್ಲಿ ವೈಕೀಕೀ ಅಕ್ವೇರಿಯಂ. ಅದೇ ಹವಾಯಿಯ ಕೋನಾದಲ್ಲಿ 2014ರಲ್ಲಿ ಶುರುವಾದ ‘ಕೆ ಕಾಯ್ ಓಲಾ’ ಆಸ್ಪತ್ರೆ ಬಡಕಲು ಮಾಂಕ್ ಸೀಲ್ ಮರಿಗಳನ್ನು ದೂರದ ದ್ವೀಪಗಳಿಂದ ತಂದು, ಕೊಬ್ಬಿಸಿ, ಮತ್ತೆ ಅಲ್ಲಿಗೇ ಬಿಡುತ್ತದೆ. ಜಗತ್ತಿನಲ್ಲಿ ಉಳಿದಿರುವುದೇ ಸುಮಾರು 1,600 ಇರುವಾಗ ಬಿಟ್ಟ ಒಂದೊಂದು ಹೆಣ್ಣುಮರಿಯೂ ಲೆಕ್ಕಕ್ಕೆ ಬರುತ್ತದೆ.

ಯುರೋಪಿನ ವಾಡನ್ ಕಡಲಿನಲ್ಲಿ (ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ತೀರದ ಆಳವಿಲ್ಲದ ಕಡಲು) ಲೆಕ್ಕ ಬೇರೆ. ಅಲ್ಲಿ ಸೀಲುಗಳ ಸಂಖ್ಯೆ ಸುಧಾರಿಸಿದೆ. 1971ರಲ್ಲಿ ಲೆನಿ ಟ್ ಹಾರ್ಟ್ ಎಂಬಾಕೆ ಪೀಟರ್‌ಬ್ಯೂರನ್ ಎಂಬ ಹಳ್ಳಿಯಲ್ಲಿ ಮರಿಗಳ ಆರೈಕೆ ಆರಂಭಿಸಿದ ನೆದರ್ಲೆಂಡ್ಸ್ ದೇಶವೇ 2020ರ ಒಪ್ಪಂದದಲ್ಲಿ, ಒಂಟಿ ಮರಿಯನ್ನು ಕಂಡೊಡನೆ ಎತ್ತದೆ ಮೊದಲು ದೂರದಿಂದ ಕಾದು ನೋಡುವ ಪದ್ಧತಿಗೆ ಬಂದಿದೆ. ಡೆನ್ಮಾರ್ಕಿನವರು ತಮ್ಮ ಭಾಗದಲ್ಲಿ ಸೀಲ್ ಪುನರ್ವಸತಿಗೆ ಕೈಹಾಕುವುದೇ ಇಲ್ಲ. ನಿರ್ದಯರೆಂದು ಬಯ್ಯಬಹುದು, ಆದರೆ ಪದದ ಅರ್ಥ ಅವರಿಗೆ ಚೆನ್ನಾಗಿ ಗೊತ್ತು.

ಮರಳಿ ಬಿಡಲಾಗದ ಪ್ರಾಣಿಯನ್ನು ಸಾಯುವವರೆಗೆ ನೋಡಿಕೊಳ್ಳುವುದೂ ಮರ್ಯಾದೆಯ ಕೆಲಸವೇ. ಬನ್ನೇರುಘಟ್ಟದಲ್ಲಿ ಕುಣಿತದಿಂದ ಬಿಡಿಸಿ ತಂದ ಕರಡಿಗಳಿಗೆ ಸಿಕ್ಕಿದ್ದು ಅದೇ. ಅದಕ್ಕೆ ಆಶ್ರಯ, ಆರೈಕೆ, ಪಾಲನೆ ಎಂಬ ಒಳ್ಳೆಯ ಪದಗಳಿವೆ. ಶೀರ್ಷಿಕೆಯಲ್ಲಿ ಜಾಗವೂ ಕಡಿಮೆ ಹಿಡಿಯುತ್ತವೆ.