ಅಜ್ಜ ಬೀಡಿ ಸೇದಿಯೂ 90 ದಾಟಿದರಂತೆ!

ಪ್ರಶ್ನೆ: ಸಾರ್, ನಮ್ಮ ಮನೆತನದ ಜೀನ್ ಗಟ್ಟಿ. ಅಜ್ಜ ದಿನಕ್ಕೊಂದು ಕಟ್ಟು ಬೀಡಿ ಸೇದಿಯೂ 90 ದಾಟಿದರು. ಜೀನ್ ಸರಿ ಇದ್ದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರಲ್ಲ ಅಲ್ವಾ? ಮತ್ತೆ ಈ ಮೈಕ್ರೋಆರ್‌ಎನ್‌ಎ ಏನು ಮಾಡುತ್ತದೆ?

ಉತ್ತರ: ಬಂದರು ನೋಡಿ, ಅದೇ ಅಜ್ಜ! ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಡಿಕೇರಿ ಸಂತೆಯಲ್ಲಿ, ಎಲ್ಲಿ ಬಾಯಿ ಬಿಟ್ಟರೂ ಯಾರಾದರೊಬ್ಬರು ಇವರನ್ನು ಕರೆದುಕೊಂಡು ಬರುತ್ತಾರೆ. 60ಕ್ಕೇ ಕೆಮ್ಮಿ ಕೆಮ್ಮಿ ಹೋದ ಅಜ್ಜಂದಿರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗಬೇಕು. ರೊಬಸ್ಟಾ ಗಿಡದಲ್ಲಿ ನೆಟ್ಟಗೆ ಮೇಲೇಳುವ ಕಂಬಚಿಗುರನ್ನು ಕೈಯಲ್ಲೇ ಮುರಿದು ಹಾಕುತ್ತೀರಲ್ಲ, ಮೈಕ್ರೋಆರ್‌ಎನ್‌ಎ ಕೆಲಸವೂ ಹಾಗೇ. ಜೀನ್‌ನಿಂದ ಒಂದು ಸಂದೇಶದ ಪ್ರತಿ ಹೊರಡುತ್ತದೆ, ಅದನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಸುಮಾರು 22 ಅಕ್ಷರದ ಈ ಪುಟ್ಟ ಆರ್‌ಎನ್‌ಎ ಆ ಪ್ರತಿಗೆ ಅಂಟಿಕೊಂಡು ಓದದಂತೆ ತಡೆಯುತ್ತದೆ, ಇಲ್ಲವೇ ಪ್ರತಿಯನ್ನೇ ಹಾಳು ಮಾಡಿಸುತ್ತದೆ. ಜೀನ್ ಎಂಬ ಬೇರನ್ನು ಮುಟ್ಟುವುದೇ ಇಲ್ಲ.

ಹಾಗಾಗಿ 'ಜೀನ್ ಸರಿ ಇದ್ದರೆ ಸಾಕು' ಅನ್ನುವುದು ಸುಮ್ನೆ ಮಾತು. ಒಂದು ವರ್ಷ ನಮ್ಮ ತೋಟದಲ್ಲಿ ಚಿಗುರು ತೆಗೆಯಲು ಆಳು ಸಿಗಲಿಲ್ಲ. ಗಿಡ ಅದೇ, ಮಣ್ಣು ಅದೇ, ಆದರೆ ಬುಡದಿಂದ ತಲೆವರೆಗೆ ಬರೀ ಕಂಬ, ಹಣ್ಣು ಮಾತ್ರ ಬೆರಳೆಣಿಕೆ! ದೇಹದಲ್ಲೂ ಹಾಗೇ. ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ, ಜೀವಕೋಶಕ್ಕೆ ಬೆಳೆಯಲು ಹೇಳುವ ರಾಸ್ ಪ್ರೋಟೀನನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಅನೇಕ ಶ್ವಾಸಕೋಶದ ಗೆಡ್ಡೆಗಳಲ್ಲಿ ಈ ಲೆಟ್-7 ಕಡಿಮೆ, ರಾಸ್ ಜಾಸ್ತಿ. ರಾಸ್ 'ಬೆಳೆ, ಬೆಳೆ' ಅನ್ನುತ್ತಲೇ ಇರುತ್ತದೆ. ಉಲ್ಟಾ ಕೇಸೂ ಇದೆ. ಮಿರ್-21 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎ ಹೆಚ್ಚಾದರೆ ಬೆಳವಣಿಗೆಗೆ ಬ್ರೇಕ್ ಹಾಕುವ ಪ್ರೋಟೀನುಗಳೇ ಕಡಿಮೆಯಾಗುತ್ತವೆ, ಕಂಬದ ಜೊತೆ ಹಣ್ಣು ಬಿಡುವ ಕೊಂಬೆಯನ್ನೂ ಮುರಿಯುವ ಹೊಸ ಆಳಿನ ಹಾಗೆ. ಶ್ವಾಸಕೋಶ ಗಾಯದ ಕಲೆ ಕಟ್ಟಿಕೊಂಡು ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲೂ ಇದೇ ಮಿರ್-21 ಏರಿರುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೂ ಅಲ್ಲೂ ಇದರ ಕೈವಾಡ.

ಈಗ ಬೀಡಿಗೆ ಬರೋಣ. ಸಿಗರೇಟು ಸೇದುವವರ ಉಸಿರುನಾಳದ ಕೋಶಗಳಲ್ಲಿ ಹಲವು ಮೈಕ್ರೋಆರ್‌ಎನ್‌ಎಗಳು, ಅದರಲ್ಲೂ ಮಿರ್-218, ಕಡಿಮೆ ಇರುವುದನ್ನು 2009ರಲ್ಲೇ ತೋರಿಸಿದ್ದಾರೆ. ಅಂದರೆ ನೀವು ಹುಟ್ಟುವಾಗ ತಂದ ಜೀನ್ ಎಷ್ಟೇ ಚೆನ್ನಾಗಿರಲಿ, ಹೊಗೆ ಆಳುಗಳನ್ನೇ ಓಡಿಸುತ್ತದೆ. ಸಾಲದ್ದಕ್ಕೆ ಹೊಗೆ ಜೀನ್‌ಗಳನ್ನೂ ಕೆಡಿಸುತ್ತದೆ, ಅವೂ ಅಜ್ಜನಿಂದ ಬಂದ ದೋಷಗಳಲ್ಲ, ಬದುಕಿನಲ್ಲಿ ಗಳಿಸಿಕೊಂಡವು. ಮನೆತನದ ಪಾಲು ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದರೆ ಅಜ್ಜನ ಹೆಸರಲ್ಲಿ ಬೀಡಿಗೆ ಪರವಾನಗಿ ಕೇಳಬೇಡಿ, ಕೊಡುವುದಿಲ್ಲ.

1993ರಲ್ಲಿ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಈ ಮೈಕ್ರೋಆರ್‌ಎನ್‌ಎಯನ್ನು ಮೊದಲು ಕಂಡರು, 2024ರಲ್ಲಿ ನೊಬೆಲ್ ಬಂತು. 'ಹುಳು ನೋಡಿ ಏನು ಪ್ರಯೋಜನ' ಅಂತ ತರಗತಿಯಲ್ಲಿ ಕೇಳಿದ ಹುಡುಗರ ಮುಖ ಆ ದಿನ ನನಗೆ ನೆನಪಾಯಿತು!

ಹಾಗಾದರೆ ಕಡಿಮೆಯಾದದ್ದನ್ನು ಇಂಜೆಕ್ಷನ್‌ನಲ್ಲಿ ಕೊಡಬಹುದಲ್ಲ? ಮಿರ್-34 ಅನ್ನು ಹಾಗೆ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿತು, 2016ರಲ್ಲಿ ಪ್ರಯೋಗ ನಿಲ್ಲಿಸಿದರು. ಒಂದೊಂದು ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ಸಂದೇಶಕ್ಕೆ ಕೈಹಾಕುವುದರಿಂದ ಸುಲಭದ ಕೆಲಸವಲ್ಲ.

ಯಾರೂ ಕೇಳದ ಇನ್ನೊಂದು: ತಿನ್ನುವ ಸೊಪ್ಪಿನ ಮೈಕ್ರೋಆರ್‌ಎನ್‌ಎ ನಮ್ಮೊಳಗೆ ಕೆಲಸ ಮಾಡುತ್ತದಾ? ಅಕ್ಕಿಯದೊಂದು ರಕ್ತಕ್ಕೆ ಸೇರಿ ನಮ್ಮ ಜೀನನ್ನೇ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ ಅಂತ ಚೀನಾದ ಸಂಶೋಧಕರು ಬರೆದಾಗ ದೊಡ್ಡ ಗದ್ದಲವಾಗಿತ್ತು. ಬೇರೆಯವರು ಮಾಡಿ ನೋಡಿದಾಗ ಹಾಗೆ ಸಿಗಲಿಲ್ಲ. ಅಕ್ಕಿ ರೊಟ್ಟಿ ಧೈರ್ಯವಾಗಿ ತಿನ್ನಿ. ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮಾರನೇ ದಿನ ಮೂತ್ರ ಕೆಂಪಾಗುತ್ತದಲ್ಲ, ಅದು ಸೊಪ್ಪಿನ ಬಣ್ಣ, ಆರ್‌ಎನ್‌ಎ ಅಲ್ಲ.